ಉಬ್ಬದ ಚೀಲಗಳು

ಗಿಸಾಬುರೊ ತಟ್ಟೆಯಲ್ಲಿದ್ದ ಎರಡನೆಯ ಇನಾರಿ ತಿನಿಸಿಗೆ ಕೈ ಹಾಕಿದ್ದನ್ನು ಅವನ ಹೆಂಡತಿ ಕಿನುಯೊ ಸಭಾಮನೆಯ ಆ ತುದಿಯಿಂದ ನೋಡಿದಳು. ಚಹಾ ಬಗ್ಗಿಸುತ್ತಿದ್ದ ಅವಳ ಕೈ ಬಗ್ಗಿಸುತ್ತಲೇ ಇತ್ತು. "ಸಾಕು, ಸಾಕು ಕಣ್ರೀ, ನನ್ನ ತೊಡೆ ಮೇಲೆ ಬರ್ತಾ ಇದೆ" ಎಂದು ಕ್ಷೌರದಂಗಡಿಯ ಶಿಗೆನೊ ಕೂಗಿದಾಗಲೇ ಅವಳಿಗೆ ಎಚ್ಚರವಾದದ್ದು.

ಬೇರೆಯವರ ಮನೆಯಲ್ಲಾದರೆ ಇದೇನು ದೊಡ್ಡ ವಿಷಯವಲ್ಲ. ಗಂಡಸು ಹಸಿದಿದ್ದ, ಇನ್ನೊಂದು ತಿಂದ. ಆದರೆ ಗಿಸಾಬುರೊ ತನ್ನ ಮೂವತ್ತೊಂದು ವರ್ಷದ ಸಂಸಾರದಲ್ಲಿ ಯಾವುದನ್ನೂ ಎರಡನೆಯ ಸಲ ಬಡಿಸಿಕೊಂಡವನಲ್ಲ. ಒಂದು ಬಟ್ಟಲು ಅನ್ನ, ಒಂದು ಬಟ್ಟಲು ಸಾರು, ಒಂದು ತುಂಡು ಮೀನು. "ಆಯ್ತು" ಎಂದು ಎದ್ದರೆ ಮುಗಿಯಿತು. ಚೆನ್ನಾಗಿದೆ ಎಂದವನಲ್ಲ, ಚೆನ್ನಾಗಿಲ್ಲ ಎಂದವನೂ ಅಲ್ಲ. ತೋಫು ಮಾಡುವವರ ಮನೆಯಲ್ಲಿ ಸೋಯಾ ಕಾಳಿನ ಹಾಲು ಒಲೆಯ ಮೇಲಿರುವಾಗ ತಟ್ಟೆಯ ಮುಂದೆ ಕೂತು ರುಚಿ ನೋಡಲು ಯಾರಿಗೆ ಪುರುಸೊತ್ತು ಎಂದು ಕಿನುಯೊ ಮದುವೆಯಾದ ಹೊಸತರಲ್ಲೇ ಸಮಾಧಾನ ಮಾಡಿಕೊಂಡಿದ್ದಳು. ಆ ಸಮಾಧಾನದ ಮೇಲೆಯೇ ಮೂವತ್ತೊಂದು ವರ್ಷ ನಿಂತಿತ್ತು.

ಅಂದು ಬೀದಿಯವರೆಲ್ಲ ಸೇರಿ ಮಳೆನೀರಿನ ಚರಂಡಿ ತೊಳೆದಿದ್ದರು. ಚೋಶಿ ಊರಲ್ಲಿ ಸೆಪ್ಟೆಂಬರಿನ ಗಾಳಿ ಬಡಿಯುವ ಮುಂಚೆ ಪ್ರತಿ ಬೀದಿಯೂ ಮಾಡುವ ಕೆಲಸ ಅದು. ಆಮೇಲೆ ಬೀದಿಯ ಸಭಾಮನೆಯಲ್ಲಿ ಊಟ, ಮನೆಗೊಂದು ತಿನಿಸು. ಕಿನುಯೊ ಎಂದಿನಂತೆ ಇನಾರಿ ತಂದಿದ್ದಳು. ಕರಿದ ತೋಫುವಿನ ಚೀಲವನ್ನು ಸೋಯಾ ಸಾಸ್ ಮತ್ತು ಸಕ್ಕರೆಯಲ್ಲಿ ಕಪ್ಪಗೆ ಬೇಯಿಸಿ, ಒಳಗೆ ವಿನೆಗರ್ ಬೆರೆಸಿದ ಬಿಳಿಯ ಅನ್ನ ತುಂಬಿ, ಭತ್ತದ ಮೂಟೆಗಳ ಹಾಗೆ ಸಾಲಾಗಿ ಪೆಟ್ಟಿಗೆಯಲ್ಲಿ ಮಲಗಿಸಿದ ಇನಾರಿ. ಅದರ ಪಕ್ಕದ ತಟ್ಟೆಯಲ್ಲಿದ್ದದ್ದು ಬೇರೆ ಜಾತಿಯದು. ಮೂರು ಮೂಲೆಯ ಚೀಲಗಳು, ತಿಳಿ ಬಣ್ಣ, ತುದಿ ಮೇಲೆ ಮಾಡಿ ನರಿಯ ಕಿವಿಗಳಂತೆ ನಿಂತಿದ್ದವು. ಒಳಗಿನ ಅನ್ನದಲ್ಲಿ ಕ್ಯಾರೆಟ್ಟು, ಗೊಬೊ ಬೇರು, ಅಣಬೆ, ಹುರಿದ ಎಳ್ಳು. ಗಿಸಾಬುರೊನ ಕೈ ಹೋದದ್ದು ಆ ತಟ್ಟೆಗೆ, ಎರಡು ಸಲವೂ.

ಅವನ್ನು ಮಾಡಿದವಳು ಓರಿಯೆ. ಐದು ತಿಂಗಳ ಹಿಂದೆ ಹಿಮೆಜಿಯಿಂದ ಬಂದ ವಿಧವೆ. ಸೋಯಾ ಸಾಸ್ ಕಾರ್ಖಾನೆಯಲ್ಲಿ ಪೀಪಾಯಿ ನೋಡಿಕೊಳ್ಳುವ ಅಣ್ಣನ ಮನೆಯಲ್ಲಿದ್ದು ಕಿಮೊನೊ ಹೊಲಿದು ಕೊಡುತ್ತಿದ್ದಳು. ಪಡುವಣದವರ ಎಳೆದೆಳೆದು ಆಡುವ ಮಾತು. ಬೀದಿಯ ಹೆಂಗಸರಿಗೆ ಆ ಮಾತು ಕೇಳುವುದೇ ಒಂದು ಮೋಜಾಗಿತ್ತು.

"ತಿನ್ರೀ ತಿನ್ರೀ, ನಾಚಬ್ಯಾಡ್ರಿ" ಎಂದು ಓರಿಯೆ ತಟ್ಟೆಯನ್ನು ಗಿಸಾಬುರೊನ ಕಡೆಗೆ ಇನ್ನಷ್ಟು ತಳ್ಳಿದಳು. "ನೀವ ಕೊಟ್ಟ ಚೀಲ, ನೀವ ತಿನ್ನಾಕ ಯಾಕ ಸಂಕೋಚ?"

ಗಿಸಾಬುರೊ ಬಾಯಿ ತುಂಬಿಕೊಂಡೇ ತಲೆಯಾಡಿಸಿದ. ನುಂಗಿದ ಮೇಲೆ ಅಂದ: "ಚೆನ್ನಾಗಿದೆ."

ಮನೆಗೆ ಹೋಗುವ ದಾರಿಯಲ್ಲಿ ಕಿನುಯೊ ಖಾಲಿ ಪೆಟ್ಟಿಗೆಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸುತ್ತ ಕೇಳಿದಳು: "ರೀ, ನಮ್ಮ ಚೀಲ ಉದ್ದ. ಅದನ್ನ ಮುಕ್ಕೋನ ಮಾಡೋಕಾಗಲ್ಲ. ಅವಳಿಗೆ ಚೌಕದ್ದು ಎಲ್ಲಿಂದ ಬಂತು?"

"ನಾನೇ ಕತ್ತರಿಸಿದೆ."

"ಯಾವಾಗ?"

"ಮೊನ್ನೆ ನೀನು ಮಗಳ ಮನೆಗೆ ಮಿತೊಗೆ ಹೋಗಿದ್ದೆಯಲ್ಲ, ಆಗ. ಬಂದು ಕೇಳಿದ್ರು."

"ಕರಿದದ್ದು ಯಾರು?"

"ಇನ್ಯಾರು? ನಾನೇ."

ಕಿನುಯೊ ಹೆಜ್ಜೆ ಬೇಗ ಹಾಕಿದಳು. ಮದುವೆಯಾದ ಹತ್ತನೆಯ ವರ್ಷ ಒಮ್ಮೆ ಅವಳು ಚೀಲವನ್ನು ಒಂದು ಬೆರಳು ಅಗಲ ಮಾಡಿದರೆ ಅನ್ನ ತುಂಬಲು ಅನುಕೂಲ ಎಂದು ಕೇಳಿದ್ದಳು. "ಅಪ್ಪನ ಕಾಲದಿಂದ ಇದೇ ಅಳತೆ" ಎಂದು ಅವನು ತಲೆ ಎತ್ತದೆ ಹೇಳಿದ್ದ. ಅಪ್ಪನ ಅಳತೆ ಹೆಂಡತಿಗಾಗಿ ಕದಲಲಿಲ್ಲ. ಹಿಮೆಜಿಯ ಹೆಂಗಸು ಬಂದು ಒಂದು ಮಾತು ಕೇಳಿದ್ದಕ್ಕೆ ಕದಲಿತು. ಅದೂ ಹೆಂಡತಿ ಊರಲ್ಲಿಲ್ಲದ ವಾರದಲ್ಲಿ.

ಕಿನುಯೊ ಆ ಮನೆಗೆ ಬಂದದ್ದು ಇಪ್ಪತ್ತೊಂದರ ವಯಸ್ಸಿನಲ್ಲಿ. ತವರು ತೊನೆ ನದಿ ಸಮುದ್ರ ಸೇರುವ ಕಡೆ. ಮೀನು ಒಣಗಿಸುವವರ ಮನೆ. ಬಂದ ಮೂರನೆಯ ದಿನವೇ ಅತ್ತೆ ಅವಳನ್ನು ಎಣ್ಣೆಯ ಬಾಣಲೆಗಳ ಮುಂದೆ ನಿಲ್ಲಿಸಿದಳು. ಬಾಣಲೆ ಎರಡು. ಮೊದಲನೆಯದರಲ್ಲಿ ಎಣ್ಣೆ ಬೆಚ್ಚಗಿರಬೇಕು ಅಷ್ಟೆ. ತೆಳುವಾಗಿ ಸೀಳಿ ನೀರು ಹಿಂಡಿದ ತೋಫು ಅದರಲ್ಲಿ ಸುಮ್ಮನೆ ಮಲಗಿ ನಿಧಾನವಾಗಿ ಉಬ್ಬಬೇಕು. ಎರಡನೆಯದರಲ್ಲಿ ಎಣ್ಣೆ ಚೆನ್ನಾಗಿ ಕಾದಿರಬೇಕು. ಅಲ್ಲಿ ಮೈ ಗಟ್ಟಿಯಾಗಿ ಬಣ್ಣ ಬರಬೇಕು. ಮೊದಲ ಬಾಣಲೆಯಲ್ಲಿ ಅವಸರ ಮಾಡಿದರೆ, ಇಲ್ಲವೆ ಹಾಲು ಹೆಚ್ಚು ಕುದಿದಿದ್ದರೆ, ಚೀಲ ಉಬ್ಬುವುದಿಲ್ಲ. ಉಬ್ಬದ ಚೀಲದ ಒಳಮೈ ಅಂಟಿಕೊಂಡೇ ಇರುತ್ತದೆ, ಬಿಡಿಸಹೋದರೆ ಹರಿಯುತ್ತದೆ. ಇದನ್ನೆಲ್ಲ ಕಿನುಯೊ ಒಂದೇ ವರ್ಷದಲ್ಲಿ ಕಲಿತಳು. ಎಣ್ಣೆಯ ಸದ್ದು ಕೇಳಿಯೇ ತಿರುವಿ ಹಾಕುತ್ತಿದ್ದಳು. ಎರಡೂ ಮಣಿಕಟ್ಟಿನ ಮೇಲೆ ಸುಟ್ಟ ಚುಕ್ಕೆಗಳು ಎಣಿಸಲಾಗದಷ್ಟಾದವು.

ಆದರೂ ಊರಿನ ಬಾಯಲ್ಲಿ ಅವು ಗಿಸಾಬುರೊನ ಚೀಲಗಳೇ. ಗಿಸಾಬುರೊನ ತೋಫು, ಗಿಸಾಬುರೊನ ಚೀಲ. ಸಂಜೆ ಸೈಕಲ್ಲಿನ ಮೇಲೆ ಕಹಳೆ ಊದುತ್ತ ಬೀದಿ ಬೀದಿ ತಿರುಗುವವನು ಅವನು. ಜನ ನೋಡುವುದು ಅವನನ್ನು. ಕಿನುಯೊಳ ಹೆಸರಿನಲ್ಲಿ ಇದ್ದದ್ದು ಒಂದೇ ಒಂದು: ಕಿನುಯೊಳ ಇನಾರಿ. ಊರಿನ ಸಾರ್ವಜನಿಕ ಸ್ನಾನದ ಮನೆಯ ಹಿಂದೆ, ನರಿಗಳನ್ನು ದೂತರಾಗಿ ಉಳ್ಳ ಇನಾರಿ ದೇವರ ಪುಟ್ಟ ಗುಡಿಯಲ್ಲಿ, ಹಳೆಯ ಪಂಚಾಂಗ ಕುದುರೆಯ ಹೆಸರಿಟ್ಟ ದಿನಗಳಲ್ಲಿ ಫೆಬ್ರವರಿಗೆ ಮೊದಲು ಬರುವ ದಿನದಂದು, ಕಲ್ಲಿನ ನರಿಗಳ ಮುಂದೆ ಇಡುವ ಪೆಟ್ಟಿಗೆ ಇಪ್ಪತ್ತು ವರ್ಷಗಳಿಂದ ಅವಳದೇ. ಹಿಂದಿನ ದಿನ ಅಂಗಡಿಯ ಕೆಲಸ ಮುಗಿಸಿ ಮನೆಯ ಅಡುಗೆಕೋಣೆಗೆ ಬಂದರೆ ಅವಳು ಬೇರೆ ಹೆಂಗಸು. ಚೀಲಗಳ ಮೇಲೆ ಊಟದ ಕಡ್ಡಿಯನ್ನು ಉರುಳಿಸಿ ಒಳಮೈ ಸಡಿಲ ಮಾಡುವುದು, ಕುದಿಯುವ ನೀರು ಹೊಯ್ದು ಎಣ್ಣೆ ಇಳಿಸುವುದು, ಪಾತ್ರೆಯೊಳಕ್ಕೇ ಇಳಿಯುವ ಪುಟ್ಟ ಮರದ ಮುಚ್ಚಳ ಹಾಕಿ ಸಣ್ಣ ಉರಿಯಲ್ಲಿ ಬೇಯಿಸುವುದು, ಮರದ ಅಗಲ ತೊಟ್ಟಿಯಲ್ಲಿ ಅನ್ನ ಹರಡಿ ಬೀಸಣಿಗೆ ಬೀಸುವುದು. ಯಾರೂ ಅವಳಿಗೆ ಹೀಗಲ್ಲ ಹಾಗೆ ಎಂದು ಹೇಳುವಂತಿರಲಿಲ್ಲ.

ಚರಂಡಿ ತೊಳೆದ ಮರುದಿನದಿಂದ ಆ ಅಡುಗೆಕೋಣೆಯಲ್ಲಿ ಗುಟ್ಟಿನ ಕೆಲಸ ಶುರುವಾಯಿತು. ಗಿಸಾಬುರೊ ಸೈಕಲ್ ಹತ್ತಿ ಹೋಗುತ್ತಲೂ ಕಿನುಯೊ ತಾನೇ ನಾಲ್ಕು ಚೌಕ ಚೀಲ ಕತ್ತರಿಸಿ ಕರಿದು, ಗೊಬೊ ಬೇರು ಹೆರೆದು ನೀರಿಗೆ ಹಾಕುವಳು. ಕ್ಯಾರೆಟ್ಟನ್ನು ಕಡ್ಡಿಯಷ್ಟು ಸಣ್ಣಗೆ ಹೆಚ್ಚುವಳು. ಮೊದಲ ಸಲ ಸೋಯಾ ಸಾಸ್ ಹೆಚ್ಚಾಗಿ ಎಲ್ಲ ಒಂದೇ ಕಪ್ಪಾಯಿತು. ಎರಡನೆಯ ಸಲ ಕಡಿಮೆ ಹಾಕಿದರೆ ಸಪ್ಪೆ. ಮೂರನೆಯ ಸಲ ರುಚಿ ಹತ್ತಿರ ಬಂತು, ಆದರೆ ಮೂಲೆಗೆ ಅನ್ನ ಒತ್ತುವಾಗ ತುದಿಗಳು ಒಡೆದವು. ಒಡೆದವನ್ನು ಒಲೆಯ ಮುಂದೆ ನಿಂತೇ ತಿಂದಳು. ಯಾರಿಗೂ ಕಾಣಬಾರದಲ್ಲ. ಒಂಬತ್ತು ಸಂಜೆ ಹೀಗೆ ತಿಂದು ತಿಂದು ಗೊಬೊ ಎಂದರೆ ವಾಕರಿಕೆ ಬರುವಂತಾಯಿತು.

ಹತ್ತನೆಯ ಸಂಜೆ ಆರು ಮುಕ್ಕೋನಗಳು ನೆಟ್ಟಗೆ ನಿಂತವು. ಅವನ್ನು ಒಳ್ಳೆಯ ತಟ್ಟೆಯಲ್ಲಿಟ್ಟು ಗಂಡನ ಮುಂದಿಟ್ಟಳು. ಗಿಸಾಬುರೊ ಒಂದು ತಿಂದ. ಚಹಾ ಕುಡಿದ.

"ಆಯ್ತು" ಎಂದು ಎದ್ದ.

"ಹೇಗಿತ್ತು?" ಮೂವತ್ತೊಂದು ವರ್ಷದಲ್ಲಿ ಅವಳು ಆ ಪ್ರಶ್ನೆ ಕೇಳಿದ್ದು ಅದೇ ಮೊದಲು.

ಗಿಸಾಬುರೊ ಹೊಸ್ತಿಲಲ್ಲಿ ನಿಂತು ತಿರುಗಿ ನೋಡಿದ, ಏನೋ ಲೆಕ್ಕ ತಪ್ಪಿದವನ ಹಾಗೆ. "ಯಾಕೆ? ಎಂದಿನ ಹಾಗೇ ಇತ್ತಲ್ಲ" ಎಂದ.

ಓರಿಯೆ ಚೆಂದದವಳಾಗಿದ್ದರೆ ಕಿನುಯೊಗೆ ಎಷ್ಟೋ ಹಗುರವಾಗುತ್ತಿತ್ತು. ಗಂಡಸರ ಬುದ್ಧಿ ಎಂದು ಬೈದು ಸುಮ್ಮನಾಗಬಹುದಿತ್ತು. ಆದರೆ ಅವಳದು ಅಗಲ ಮುಖ, ಚಪ್ಪಟೆ ಮೂಗು, ವಯಸ್ಸಿನಲ್ಲಿ ಕಿನುಯೊಗಿಂತ ಎರಡು ವರ್ಷ ದೊಡ್ಡವಳು. ಕಿನುಯೊ ಬೇಕೆಂದೇ ಆ ಬೀದಿಯ ಕೊನೆಯ ತನಕ ನಡೆದು ಅವಳ ಕಿಟಕಿಯೊಳಗೆ ಇಣುಕಿ ನೋಡುತ್ತಿದ್ದಳು. ಓರಿಯೆ ಬೆಳಕಿಗೆ ಬೆನ್ನು ಮಾಡದೆ, ಮಡಿಸಿದ ಕಾಲ ಮೇಲೆ ರೇಷ್ಮೆ ಹರವಿಕೊಂಡು ಹೊಲಿಯುತ್ತಿರುತ್ತಿದ್ದಳು. ಆ ಅಗಲ ಮುಖದ ಹೆಂಗಸಿಗೆ ಎಂಥ ಬೆರಳುಗಳು! ಸೂಜಿ ಬಟ್ಟೆಯೊಳಗೆ ಹೋದದ್ದು ಕಾಣುತ್ತಿರಲಿಲ್ಲ, ಬಂದದ್ದೂ ಕಾಣುತ್ತಿರಲಿಲ್ಲ. ಬಟ್ಟೆಯ ಅಂಚು ಮಾತ್ರ ತಾನಾಗಿ ಸರಿಯುತ್ತಿತ್ತು. ಕಿನುಯೊ ತನ್ನ ಚುಕ್ಕೆ ಚುಕ್ಕೆ ಮಣಿಕಟ್ಟನ್ನು ಅಂಗಿಯ ತೋಳಿನೊಳಕ್ಕೆ ಎಳೆದುಕೊಂಡು ವಾಪಸು ಬರುತ್ತಿದ್ದಳು.

ಓರಿಯೆ ಅಂಗಡಿಗೆ ಬಂದರೆ ಇನ್ನೊಂದು ಸಂಕಟ. ಅವಳು ಚೀಲ ತೆಗೆದುಕೊಂಡು ಸುಮ್ಮನೆ ಹೋಗುವವಳಲ್ಲ.

"ಕಿನುಯೊಸಾನ್, ಇವನ್ನ ಕರೀಯೋದು ನೀವ ಅಲ್ರಿ? ಹಿಮೆಜಿಯೊಳಗೂ ಇಂಥಾವು ಸಿಗ್ತಿರಲಿಲ್ಲ ನೋಡ್ರಿ. ಬೆರಳು ಇಟ್ರ ಸಾಕು, ತಾವ ಬಾಯಿ ತೆಗೀತಾವ."

ಇಡೀ ಊರಲ್ಲಿ ಚೀಲ ಕರಿಯುವವಳು ಯಾರು ಎಂದು ಗುರುತಿಸಿದವಳು ಅವಳೊಬ್ಬಳೇ. ಅದು ಕಿನುಯೊಗೆ ತಿಳಿಯಿತು. ತಿಳಿದದ್ದರಿಂದ ಸಿಟ್ಟು ಇನ್ನೂ ಹೆಚ್ಚಾಯಿತು.

ಜನವರಿಯ ಕೊನೆಗೆ ಹೆಂಗಸರೆಲ್ಲ ಸಭಾಮನೆಯಲ್ಲಿ ಸೇರಿದರು. ಕುದುರೆ ದಿನದ ಏರ್ಪಾಡಿನ ಮಾತು. ಶಿಗೆನೊ ಕಿತ್ತಳೆ ಸುಲಿಯುತ್ತ ಅಂದಳು: "ಈ ಸಲ ಗುಡಿಗೆ ಓರಿಯೆಸಾನ್ ಮಾಡಲಿ. ನರಿಗಳಿಗೂ ಇಪ್ಪತ್ತು ವರ್ಷದಿಂದ ಒಂದೇ ತಿಂದು ಬೇಜಾರಾಗಿರತ್ತೆ."

ಎಲ್ಲರೂ ನಕ್ಕರು. ಕಿನುಯೊ ಎಲ್ಲರಿಗಿಂತ ಜೋರಾಗಿ ನಕ್ಕಳು.

"ಒಳ್ಳೇದಾಯ್ತು ಬಿಡಿ, ನನಗೂ ಬೆನ್ನುನೋವು."

"ನಿಮಗೆ ಬೇಜಾರಿಲ್ಲ ತಾನೆ?"

"ಬೇಜಾರು ಯಾಕೆ? ಚೀಲ ಹೇಗೂ ನಮ್ಮ ಅಂಗಡೀದೇ."

ಒಂದು ಚೌಕ ಸೀಳಿದರೆ ಎರಡು ಎಂಬ ಲೆಕ್ಕದಲ್ಲಿ ಓರಿಯೆ ಅರವತ್ತು ಮುಕ್ಕೋನಗಳಿಗಾಗಿ ಮೂವತ್ತು ಚೌಕ ಚೀಲ ಹೇಳಿಹೋದಳು. ಕುದುರೆ ದಿನಕ್ಕೆ ಎರಡು ದಿನ ಮುಂಚೆ ಗಿಸಾಬುರೊಗೆ ನೆಗಡಿ ಹಿಡಿದು ಮೂಗು ಕಟ್ಟಿತ್ತು. ಹಾಲು ಹೆಚ್ಚು ಕುದಿದ ವಾಸನೆ ಅವನಿಗೆ ತಿಳಿಯಲಿಲ್ಲ. ಆ ಹಾಲಿನ ತೋಫು ಬಾಣಲೆಗೆ ಬಿದ್ದಾಗ ಕಿನುಯೊಗೆ ಸದ್ದಿನಲ್ಲೇ ಗೊತ್ತಾಯಿತು. ಒಂದು ಚೌಕವೂ ಸರಿಯಾಗಿ ಉಬ್ಬಲಿಲ್ಲ. "ಇವನ್ನ ಸಾರಿಗೆ ಹಾಕೋಕೆ ಸಣ್ಣಗೆ ಕತ್ತರಿಸಿ ಮಾರು" ಎಂದು ಗಿಸಾಬುರೊ ಆ ತಟ್ಟೆಯನ್ನು ಬದಿಗಿಟ್ಟು ಮತ್ತೆ ಸೋಯಾ ಕಾಳು ರುಬ್ಬಿ, ಮತ್ತೆ ಹಾಲು ಕಾಯಿಸಿ, ಮೂವತ್ತು ಹೊಸ ಚೌಕಗಳನ್ನು ಕತ್ತರಿಸಿದ. ಕಿನುಯೊ ಅವನ್ನು ಕರಿದಳು. ಅವು ಒಂದಕ್ಕಿಂತ ಒಂದು ಚೆನ್ನಾಗಿ ಉಬ್ಬಿ, ಆರಿದ ಮೇಲೆ ಮೆತ್ತಗೆ ಕೂತವು. ಎರಡು ತಟ್ಟೆ ಪಕ್ಕಪಕ್ಕದಲ್ಲಿದ್ದವು. ಬಣ್ಣ ಒಂದೇ, ಅಳತೆ ಒಂದೇ.

ಓರಿಯೆ ಬಂದದ್ದು ಗಿಸಾಬುರೊ ಸೈಕಲ್ಲಿನಲ್ಲಿ ಹೊರಟುಹೋದ ಮೇಲೆ. ಅವಳು ಬಾಗಿಲಲ್ಲಿ ನಿಂತು ಕೊಡೆ ಮಡಿಸುತ್ತಿದ್ದಾಗ ಕಿನುಯೊಳ ಕೈ ಉಬ್ಬದ ತಟ್ಟೆಗೆ ಹೋಯಿತು. ಕೈ ತಾನಾಗಿ ಹೋಯಿತು ಎಂದು ಆಮೇಲೆ ಎಷ್ಟೋ ದಿನ ತನಗೆ ತಾನೇ ಹೇಳಿಕೊಂಡಳು. ಆದರೆ ಕೈ ತಾನಾಗಿ ಹೋಗಲಿಲ್ಲ. ಅವಳೇ ಕಳಿಸಿದ್ದಳು. ಮೂವತ್ತನ್ನೂ ಕಾಗದದಲ್ಲಿ ಸುತ್ತಿ, ದಾರ ಕಟ್ಟಿ, ಎರಡೂ ಕೈಯಿಂದ ಕೊಟ್ಟಳು. ಓರಿಯೆ ಹೋದ ಮೇಲೆ ಚೆನ್ನಾಗಿ ಉಬ್ಬಿದ ಮೂವತ್ತನ್ನು ಹಲಗೆಯ ಮೇಲಿಟ್ಟು ಸಾರಿಗೆಂದು ಸಣ್ಣಗೆ ಕತ್ತರಿಸಿದಳು.

ಕುದುರೆ ದಿನ ಬೆಳಿಗ್ಗೆ ಗುಡಿಯ ಮುಂದೆ ಕೆಂಪು ಬಾವುಟಗಳು ಗಾಳಿಗೆ ಪಟಪಟ ಹೊಡೆಯುತ್ತಿದ್ದವು. ಓರಿಯೆ ತಡವಾಗಿ ಬಂದಳು. ಅವಳ ಪೆಟ್ಟಿಗೆಯಲ್ಲಿದ್ದದ್ದು ಹನ್ನೊಂದು ಮುಕ್ಕೋನಗಳು, ಅವೂ ಸೊಟ್ಟ. ಇನ್ನೊಂದು ದೊಡ್ಡ ಬಟ್ಟಲಲ್ಲಿ ಅನ್ನದ ಮೇಲೆ ಹರಿದ ಚೀಲಗಳನ್ನು ಹೆಚ್ಚಿ ಹರಡಿದ್ದಳು.

"ಕ್ಷಮಿಸ್ರಿ" ಎಂದು ಅವಳು ಎಲ್ಲರ ಮುಂದೆ ನೆಲಕ್ಕೆ ಬಗ್ಗಿದಳು. "ಎಲ್ಲಾ ನನ್ನ ಕೈಯಾಗ ಹರದು ಹೋದುವ್ರಿ. ಏನಾತೋ ತಿಳೀವಲ್ದು."

ಕಿನುಯೊ "ನೆಂಟರು ಬಂದರೆ ಇರಲಿ ಅಂತ" ಮಾಡಿಟ್ಟಿದ್ದ ಮೂಟೆ ಇನಾರಿಯ ಪೆಟ್ಟಿಗೆಯನ್ನು ಮನೆಯಿಂದ ತಂದಳು. ನರಿಗಳ ಮುಂದೆ ಅದೇ ಕೂತಿತು. ಸಭಾಮನೆಯಲ್ಲಿ ಮೊದಲು ಖಾಲಿಯಾದದ್ದೂ ಅದೇ. "ಕಿನುಯೊಸಾನ್ ಇರದಿದ್ದರೆ ಇವತ್ತು ನಮ್ಮ ಗತಿ ಏನಾಗ್ತಿತ್ತು!" ಎಂದರು. ಸುಳ್ಳು ಹೇಳಬಾರದು: ಆ ದಿನ ಕಿನುಯೊಗೆ ಸಂತೋಷವಾಯಿತು. ಮನೆಗೆ ಬಂದು ಪೆಟ್ಟಿಗೆ ತೊಳೆಯುವಾಗ ಹಾಡು ಗುನುಗಿದಳು.

ಆ ಸಂತೋಷ ಎರಡು ವಾರ ಇತ್ತು. ಓರಿಯೆ ಅಂಗಡಿಗೆ ಬರುವುದನ್ನು ಬಿಟ್ಟಳು. ಬಿಟ್ಟರೆ ಬಿಡಲಿ ಎನಿಸಿತು. ಒಂದು ಮಧ್ಯಾಹ್ನ ಶಿಗೆನೊ ತೋಫು ಕೊಳ್ಳಲು ಬಂದು ಬಟ್ಟಲನ್ನು ಕಟ್ಟೆಯ ಮೇಲಿಟ್ಟಳು.

"ಕೇಳಿದ್ರಾ? ನಮ್ಮಕ್ಕನ ಮಗಳ ಮದುವೆ ಕಿಮೊನೊ ಓರಿಯೆಸಾನ್ ವಾಪಸು ತಂದುಕೊಟ್ಟುಬಿಟ್ಟಿದ್ದಾಳೆ. ಅರ್ಧ ಹೊಲಿದಿದ್ದನ್ನ! ಏಪ್ರಿಲಲ್ಲಿ ಮದುವೆ, ಈಗ ಯಾರನ್ನ ಹುಡುಕೋದು?"

"ಯಾಕಂತೆ?"

"ಬೆರಳಿನ ಸ್ಪರ್ಶ ಸತ್ತುಹೋಗಿದೆಯಂತೆ. ಒಂದು ತೋಫು ಚೀಲ ಬಿಡಿಸೋಕಾಗದ ಕೈಯಲ್ಲಿ ರೇಷ್ಮೆ ಮುಟ್ಟಲ್ಲ ಅಂದಳಂತೆ. ಅವರಮ್ಮನಿಗೂ ಹೀಗೇ ಬೆರಳಿಂದ ಶುರುವಾಗಿ ಆಮೇಲೆ ಕೈಯೇ ಬಿದ್ದುಹೋಯ್ತಂತೆ. ಮನೇಲಿ ಅಣ್ಣನ ಎದುರು ಅತ್ತಿದ್ದಾಳೆ, ಪಾಪ."

ಕಿನುಯೊ ತೊಟ್ಟಿಯ ತಣ್ಣೀರಿನಲ್ಲಿ ಮುಳುಗಿಸಿದ ಕೈಯನ್ನು ಹೊರಗೆ ತೆಗೆಯಲು ಮರೆತಳು. ಆ ರಾತ್ರಿ ಊಟ ಸೇರಲಿಲ್ಲ. ಮರುದಿನವೂ ಸೇರಲಿಲ್ಲ. ಇನಾರಿ ಕೆಡಲಿ, ಒಮ್ಮೆ ಅವಳ ಮುಖ ಸಪ್ಪಗಾಗಲಿ ಎಂದು ಬಯಸಿದ್ದು ನಿಜ. ಬೆರಳನ್ನು ಕಿತ್ತುಕೊಳ್ಳುತ್ತೇನೆ ಎಂದು ಅವಳು ಎಣಿಸಿರಲಿಲ್ಲ. ಒಮ್ಮೆ, ಓರಿಯೆಯೇ ನಾಲ್ಕು ದಿನ ಬಿಟ್ಟು ತಿಳಿದುಕೊಂಡಾಳು ಎನಿಸಿತು. ಇನ್ನೊಮ್ಮೆ, ಹೊಲಿಗೆ ಬಿಟ್ಟರೆ ಅವಳು ಹಿಮೆಜಿಗೆ ವಾಪಸು ಹೋದಾಳು ಎನಿಸಿತು. ಆ ಎರಡನೆಯ ಯೋಚನೆ ಬಂದಾಗ ಕಿನುಯೊಗೆ ತನ್ನ ಬಗ್ಗೆಯೇ ಹೆದರಿಕೆಯಾಯಿತು.

ಮೂರನೆಯ ದಿನ ಅವಳು ಗಂಡನನ್ನು ಕೇಳದೆ ಹನ್ನೆರಡು ಚೌಕ ಕತ್ತರಿಸಿ ಕರಿದು, ಬಿಸಿಯಾರುವ ಮುಂಚೆಯೇ ಬುಟ್ಟಿಗೆ ಹಾಕಿಕೊಂಡು ಹೊರಟಳು. ಮಧ್ಯಾಹ್ನದ ಬಿಸಿಲು. ಓರಿಯೆ ಕಿಟಕಿಯ ಬಳಿ ಸುಮ್ಮನೆ ಕೂತಿದ್ದಳು. ಕಾಲ ಮೇಲೆ ಬಟ್ಟೆ ಇರಲಿಲ್ಲ.

"ಇವನ್ನ ಬಿಡಿಸಿ" ಎಂದಳು ಕಿನುಯೊ.

"ಬ್ಯಾಡ್ರಿ ಕಿನುಯೊಸಾನ್. ನನ್ನ ಕೈಲೆ ಆಗಂಗಿಲ್ಲ."

"ಒಂದೇ ಒಂದು. ದಯವಿಟ್ಟು."

ಓರಿಯೆ ಒಂದನ್ನು ಅಂಗೈಯಲ್ಲಿಟ್ಟುಕೊಂಡು ಮೂಲೆಯಿಂದ ಮೂಲೆಗೆ ಚಾಕು ಎಳೆದಳು. ಹೆದರಿ ಹೆದರಿ ಹೆಬ್ಬೆರಳನ್ನು ಒಳಗಿಟ್ಟಳು. ಚೀಲ ಬಾಯಿ ತೆರೆಯಿತು, ಹೆಬ್ಬೆರಳು ತುದಿಯ ತನಕ ಹೋಯಿತು. ಅವಳು ಇನ್ನೊಂದು ತೆಗೆದುಕೊಂಡಳು. ಆಮೇಲೆ ಇನ್ನೊಂದು. ಐದನೆಯದಕ್ಕೆ ಬರುವಷ್ಟರಲ್ಲಿ ಅವಳ ಕೈ ಸರಸರನೆ ಆಡುತ್ತಿತ್ತು, ಮುಖ ಮಾತ್ರ ಕಲ್ಲಾಗುತ್ತ ಬಂದಿತ್ತು. ಹನ್ನೆರಡೂ ಮುಗಿದ ಮೇಲೆ ಚಾಕುವನ್ನು ಕೆಳಗಿಟ್ಟಳು.

"ಅವತ್ತ ಕೊಟ್ಟಾವು ಬ್ಯಾರೆ."

"ಬೇರೆ" ಎಂದಳು ಕಿನುಯೊ. "ಉಬ್ಬದೇ ಇದ್ದವು. ಗೊತ್ತಿದ್ದೇ ಕೊಟ್ಟೆ."

"ಗಿಸಾಬುರೊಸಾನ್‌ಗೆ ಗೊತ್ತೇನು?"

"ಇಲ್ಲ. ನಾನೇ."

ಓರಿಯೆ ಬಿಡಿಸಿದ ಚೀಲಗಳನ್ನು ಒಂದರ ಮೇಲೊಂದು ಜೋಡಿಸಿಟ್ಟಳು. ಆಮೇಲೆ ಒಮ್ಮೆಲೇ ಧ್ವನಿ ಏರಿತು. "ಹದಿನೆಂಟು ದಿನ! ಹದಿನೆಂಟು ದಿನ ಈ ಕೈ ನೋಡ್ಕೋತ ಕುಂತೀನಿ. ಸೂಜಿ ಚುಚ್ಚಿ ಚುಚ್ಚಿ ನೋಡೀನಿ, ನೋವಾಗ್ತೈತೋ ಇಲ್ಲೋ ಅಂತ. ನೋಡ್ರಿ ಇಲ್ಲಿ!" ಬೆರಳ ತುದಿಗಳನ್ನು ಕಿನುಯೊಳ ಮುಖಕ್ಕೆ ಹಿಡಿದಳು. ಕೆಂಪು ಚುಕ್ಕೆಗಳಿದ್ದವು. "ನಾ ನಿಮಗೇನ್ ಮಾಡಿದ್ನಿ? ಹೇಳ್ರಿ, ಏನ್ ಮಾಡಿದ್ನಿ?"

ಕಿನುಯೊ ದಾರಿಯುದ್ದಕ್ಕೂ ಬೇರೆ ಬೇರೆ ಉತ್ತರ ಕಟ್ಟಿಕೊಂಡು ಬಂದಿದ್ದಳು. ಬಾಯಿಗೆ ಬಂದದ್ದು ಒಂದೇ. "ಅವರು ನಿಮ್ಮದನ್ನ ಎರಡು ತಿಂದ್ರು."

"ಏನು?"

"ಚರಂಡಿ ತೊಳೆದ ದಿನ. ನನ್ನದನ್ನ ಅವರು ಯಾವತ್ತೂ ಎರಡು ತಿಂದಿಲ್ಲ. ಚೆನ್ನಾಗಿದೆ ಅಂದಿಲ್ಲ. ಮೂವತ್ತೊಂದು ವರ್ಷ."

"ಅಷ್ಟಕ್ಕ?"

"ಅಷ್ಟಕ್ಕೇ."

ಓರಿಯೆ ಅವಳನ್ನು ದಿಟ್ಟಿಸಿ ನೋಡಿದಳು. ನಗು ಬರಬಹುದಾಗಿದ್ದ ಜಾಗ ಅದು, ಆದರೆ ಅವಳು ನಗಲಿಲ್ಲ. "ಕಿಮೊನೊ ಕೊಟ್ಟವ್ರ ಮನೀಗೆ ನೀವ ಹೋಗ್ರಿ. ಯಾಕ ಹಿಂಗಾತು ಅಂತ ನಿಮ್ಮ ಬಾಯಿಲೆ ಹೇಳಿ, ಬಟ್ಟಿ ವಾಪಸ್ ತಗೊಂಡ್ ಬರ್ರಿ. ನಾ ಹೋಗಂಗಿಲ್ಲ. ಆಮ್ಯಾಲೆ ನನ್ನ ಮುಂದ ಬರಬ್ಯಾಡ್ರಿ."

ಕಿನುಯೊ ಹೋದಳು. ಮದುಮಗಳ ತಾಯಿ ಶಿಗೆನೊಳ ಸ್ವಂತ ಅಕ್ಕ ಎನ್ನುವುದು ಗೊತ್ತಿದ್ದೇ ಹೋದಳು. ಚಾಪೆಗೆ ಹಣೆ ಹಚ್ಚಿ, ಯಾವುದನ್ನೂ ಬಿಡದೆ ಹೇಳಿದಳು. ಆ ಹೆಂಗಸು ಬಾಯಿ ತೆರೆದುಕೊಂಡು ಕೇಳಿದಳು. ಕಿನುಯೊ ಬಟ್ಟೆಯ ಗಂಟು ಹೊತ್ತು ಓರಿಯೆಯ ಹೊಸ್ತಿಲಲ್ಲಿ ಇಟ್ಟು ಮನೆಗೆ ಬರುವಷ್ಟರಲ್ಲಿ ಸುದ್ದಿ ಕ್ಷೌರದಂಗಡಿ ಸೇರಿತ್ತು. ಕ್ಷೌರದಂಗಡಿ ಸೇರಿದ್ದು ಬೀದಿಗೆ ಬರಲು ಎಷ್ಟು ಹೊತ್ತು? ಗಿಸಾಬುರೊ ಸಂಜೆಯ ತಿರುಗಾಟ ಅರ್ಧಕ್ಕೇ ಬಿಟ್ಟು ಬಂದ. ಸೈಕಲ್ಲಿನ ಪೆಟ್ಟಿಗೆಯಲ್ಲಿ ತೋಫು ಹಾಗೇ ಅಲುಗಾಡುತ್ತಿತ್ತು.

"ಆ ತಟ್ಟೆಯಲ್ಲಿದ್ದದ್ದನ್ನ ಕತ್ತರಿಸಿ ಮಾರು ಅಂತ ಹೇಳಿದ್ದೆ."

"ಹೌದು."

"ಹಾಲು ಕೆಡಿಸಿದ್ದು ನಾನು. ಕೆಟ್ಟದ್ದನ್ನ ಚೆನ್ನಾಗಿದೆ ಅಂತ ಕೊಟ್ಟದ್ದು ನಮ್ಮ ಅಂಗಡಿ. ಅಪ್ಪ ಇದ್ದಿದ್ದರೆ ಬೋರ್ಡು ಇಳಿಸ್ತಿದ್ದ."

ಅಷ್ಟು ಮಾತು ಅವನ ಬಾಯಿಂದ ಒಟ್ಟಿಗೆ ಬಂದದ್ದನ್ನು ಅವಳು ಎಂದೂ ಕೇಳಿರಲಿಲ್ಲ. ಅವಳಿಗೂ ತಡೆಯಲಾಗಲಿಲ್ಲ. "ಅಪ್ಪನ ಅಳತೆ ಅವಳಿಗೋಸ್ಕರ ಮುರಿದ್ರಲ್ಲ, ಆಗ ಬೋರ್ಡು ನೆನಪಾಗಲಿಲ್ವಾ? ಎರಡೆರಡು ತಿಂದ್ರಲ್ಲ!"

ಗಿಸಾಬುರೊ ಅವಳ ಮುಖವನ್ನು ನೋಡಿದ. ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. "ಒಳಗೆ ಅಷ್ಟು ತೇವದ ಅನ್ನ ಇಟ್ಟರೂ ಚೀಲ ಹೇಗೆ ತಡೆದುಕೊಂಡಿದೆ ಅಂತ ನೋಡೋಣ ಅಂತ ಇನ್ನೊಂದು ತಗೊಂಡೆ" ಎಂದ. "ನೀನು ಇಲ್ಲದಾಗ ನಾನು ಕರಿದ ಚೀಲ ಅದು. ಸರಿಯಾಗಿ ಬಂದಿದೆಯೋ ಇಲ್ಲವೋ ಅಂತ ಹೆದರಿಕೆ ಇತ್ತು."

ನಿಜವೋ, ಜಗಳ ಮುಗಿಸಲು ಹೇಳಿದ್ದೋ, ಕಿನುಯೊಗೆ ಕೊನೆಗೂ ಗೊತ್ತಾಗಲಿಲ್ಲ. "ಚೆನ್ನಾಗಿದೆ ಅಂದ್ರಿ" ಎಂದಳು. "ಚೆನ್ನಾಗಿತ್ತು" ಎಂದ ಅವನು. ಅವನಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ.

ಮರುದಿನ ಅವನು ಅಂಗಡಿ ತೆರೆಯಲಿಲ್ಲ. ತಟ್ಟೆ, ತೊಟ್ಟಿ, ಬಾಣಲೆ ಎಲ್ಲವನ್ನೂ ಉಜ್ಜಿ ತೊಳೆದು ಬಿಸಿಲಿಗಿಟ್ಟು, ತೊಳೆದ ಅಂಗಿ ಹಾಕಿಕೊಂಡು ಓರಿಯೆಯ ಮನೆಗೆ ಹೋದ. ಬಾಗಿಲ ಮುಂದೆ ತಲೆ ಬಾಗಿಸಿ, ಒಳಗೆ ಬನ್ನಿ ಎಂದರೂ ಹೋಗದೆ, ಅರ್ಧ ಗಂಟೆ ನಿಂತಿದ್ದನಂತೆ. ಅದನ್ನು ಕೇಳಿದಾಗ, ತಪ್ಪೆಲ್ಲ ತನ್ನದೇ ಆಗಿದ್ದರೂ, ಕಿನುಯೊಗೆ ಮತ್ತೆ ಹೊಟ್ಟೆ ಉರಿಯಿತು. ತನ್ನ ತವರಿನವರ ಮುಂದೆ ಕೂಡ ಅವನು ಅಷ್ಟು ಹೊತ್ತು ತಲೆ ಬಾಗಿಸಿರಲಿಲ್ಲ.

ಏಪ್ರಿಲಿನಲ್ಲಿ ಮದುವೆ ನಡೆಯಿತು. ಕಿಮೊನೊ ಎಷ್ಟು ಚೆನ್ನಾಗಿ ಕೂತಿತ್ತೆಂದು ಶಿಗೆನೊ ಮೂರು ದಿನ ಅಂಗಡಿಯ ಕಟ್ಟೆಗೆ ಒರಗಿ ಹೇಳಿದಳು, ಹೇಳುವಾಗಲೆಲ್ಲ ಕಿನುಯೊಳ ಕಣ್ಣನ್ನೇ ನೋಡುತ್ತಿದ್ದಳು. ಇನ್ನು ಕೆಲವರು ಚೀಲ ಕೊಳ್ಳುವಾಗ "ಇದು ಉಬ್ಬಿದ್ದೋ, ಉಬ್ಬದ್ದೋ?" ಎಂದು ಕೇಳಿ ತಾವೇ ನಗುವರು. ಕಿನುಯೊ ತಲೆ ತಗ್ಗಿಸಿ "ಉಬ್ಬಿದ್ದೇ" ಎನ್ನುವಳು. ಆ ಬೇಸಿಗೆ ಪೂರ್ತಿ ಓರಿಯೆ ಸೇತುವೆಯ ಆಚೆ ಹೊಸದಾಗಿ ತೆರೆದ ದೊಡ್ಡ ಅಂಗಡಿಯಲ್ಲಿ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಟ್ಟ ಚೀಲ ಕೊಂಡಳು.

ಶರತ್ಕಾಲದಲ್ಲಿ, ಹಿರಿಯರ ಸಮಾಧಿಗೆ ಎಡೆ ಇಡುವ ವಾರ ಬಂದಾಗ, ಓರಿಯೆ ಅಂಗಡಿಯ ಬಾಗಿಲಲ್ಲಿ ನಿಂತಿದ್ದಳು. "ಆ ಪ್ಲಾಸ್ಟಿಕ್ಕಿನಾವು ತಿನ್ನಾಕ ಯೋಗ್ಯ ಇಲ್ಲ" ಎಂದು ಯಾರಿಗೋ ಎಂಬಂತೆ ಹೇಳಿ, "ಹತ್ತು ಚೌಕ ಕೊಡ್ರಿ" ಎಂದಳು. ಕಿನುಯೊ ಹತ್ತನ್ನು ತಟ್ಟೆಯಲ್ಲಿಟ್ಟಳು. ಓರಿಯೆ ಒಂದೊಂದನ್ನೂ ಕೈಗೆತ್ತಿಕೊಂಡು ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಹಿಂದೆ ನಾಲ್ಕು ಜನ ಕಾಯುತ್ತಿದ್ದರು. ಅವಳು ಅವಸರ ಮಾಡಲಿಲ್ಲ. ಹತ್ತೂ ಒತ್ತಿ ಮುಗಿಸಿ, "ಕಟ್ಟಿ ಕೊಡ್ರಿ" ಎಂದಳು.

ಆಮೇಲೆ ಪ್ರತಿ ಸಲವೂ ಹಾಗೆಯೇ. ತಿಂಗಳಿಗೆ ಮೂರು ಸಲ, ವರ್ಷದ ಮೇಲೆ ವರ್ಷ, ಎಲ್ಲರ ಎದುರು ಅವಳು ಒತ್ತಿ ನೋಡುವಳು, ಕಿನುಯೊ ನಿಂತಿರುವಳು. ಕುದುರೆ ದಿನ ಗುಡಿಯಲ್ಲಿ ಈಗ ಎರಡು ಪೆಟ್ಟಿಗೆ: ಒಂದು ನರಿಗೆ ಮೂಟೆ, ಇನ್ನೊಂದು ನರಿಗೆ ಮುಕ್ಕೋನ. ಯಾವುದು ಮೊದಲು ಖಾಲಿಯಾಯಿತೆಂದು ಕಿನುಯೊ ನೋಡದೆ ಇರುತ್ತಿರಲಿಲ್ಲ. ಗಿಸಾಬುರೊನ ಕೈ ಎತ್ತ ಹೋಯಿತೆಂದೂ ನೋಡುತ್ತಿದ್ದಳು. ಅವನು ಜಾಣನಾಗಿದ್ದ. ಎರಡರಿಂದಲೂ ಒಂದೊಂದೇ ತೆಗೆದುಕೊಳ್ಳುತ್ತಿದ್ದ. ಮನೆಯಲ್ಲಿ ಒಮ್ಮೊಮ್ಮೆ ಊಟದ ಮಧ್ಯೆ, ಯಾರೋ ಬರೆದುಕೊಟ್ಟ ಮಾತನ್ನು ಓದುವವನ ಹಾಗೆ, "ಚೆನ್ನಾಗಿದೆ" ಎನ್ನುತ್ತಿದ್ದ. ಹಾಗೆ ಕೇಳಿ ಪಡೆದ ಮಾತಿನಿಂದ ಕಿನುಯೊಗೆ ಹೊಟ್ಟೆ ತುಂಬುತ್ತಿರಲಿಲ್ಲ. ಆದರೂ ಆ ದಿನ ಪಾತ್ರೆ ತೊಳೆಯುವುದು ಬೇಗ ಮುಗಿಯುತ್ತಿತ್ತು.

ಏಳನೆಯ ವರ್ಷದ ವಸಂತದಲ್ಲಿ ಒಂದು ಬೆಳಿಗ್ಗೆ ಓರಿಯೆ ಬಂದಳು. ಎಂಟು ಚೌಕ ಕೇಳಿದಳು. ಕಿನುಯೊ ತಟ್ಟೆಯನ್ನು ಮುಂದಿಟ್ಟು ಕೈಕಟ್ಟಿ ನಿಂತಳು. ಓರಿಯೆ ತಟ್ಟೆಯ ಕಡೆ ನೋಡದೆ, "ಲಗೂನ ಕಟ್ರಿ" ಎಂದಳು.

"ಒತ್ತಿ ನೋಡಲ್ವಾ?"

"ನೋಡೂದೇನೈತಿ? ಬಸ್ಸಿಗೆ ಹೊತ್ತಾಗೇತಿ."

ಪೊಟ್ಟಣ ತೆಗೆದುಕೊಂಡು ಅವಳು ಹೋಗಿಯೇಬಿಟ್ಟಳು. ಕಿನುಯೊ ಅಂಗಡಿಯ ಮುಂದಕ್ಕೆ ಬಂದು ಅವಳು ಓಡುನಡಿಗೆಯಲ್ಲಿ ಬೀದಿ ತಿರುಗುವುದನ್ನು ನೋಡಿದಳು. ಆ ಹೊತ್ತಿಗೆ ಬಸ್ಸು ಇದೆಯೇ, ಇಲ್ಲಾ ಒತ್ತಿ ನೋಡದಿದ್ದಕ್ಕೆ ಅದೊಂದು ನೆಪವೇ ಎಂದು ಒಳಗೆ ಹೋಗಿ ಗೋಡೆಯ ಮೇಲಿನ ವೇಳಾಪಟ್ಟಿ ನೋಡಿದಳು. ಬಸ್ಸು ಇತ್ತು.